ಡೆಡ್‌ಲಿಫ್ಟ್: ಬಾರ್ ನೆಲ ಬಿಡುವ ಮುಂಚಿನ ಹತ್ತು ಸೆಕೆಂಡು

"ಡೆಡ್‌ಲಿಫ್ಟ್ ಬೇಡ ಮಗಾ, ಸೊಂಟ ಹೋಗುತ್ತೆ." ಮೈಸೂರಿನಲ್ಲಿ ಯಾವ ಜಿಮ್‌ಗೆ ಸೇರಿದರೂ ಮೊದಲ ವಾರದಲ್ಲೇ ಯಾರಾದರೂ ಒಬ್ಬರು ಈ ಮಾತು ಹೇಳುತ್ತಾರೆ. ಮಂಡ್ಯದಲ್ಲೂ ಅಷ್ಟೇ. ಹಾಗಾಗಿ ಎಷ್ಟೋ ಜನ ವರ್ಷಗಟ್ಟಲೆ ಚೆಸ್ಟ್, ಬೈಸೆಪ್ಸ್ ಅಂತ ಮಾಡಿಕೊಂಡು, ಮೂಲೆಯಲ್ಲಿರುವ ಉದ್ದದ ಬಾರನ್ನು ಒಂದು ದಿನವೂ ನೆಲದಿಂದ ಎತ್ತದೆ ಇದ್ದುಬಿಡುತ್ತಾರೆ. ಇನ್ನು ಕೆಲವರು ಮೊಬೈಲ್‌ನಲ್ಲಿ ಒಂದು ವಿಡಿಯೋ ನೋಡಿ, ಮೊದಲ ದಿನವೇ ಬಾರ್‌ನ ಎರಡೂ ಕಡೆ 20 ಕೆ.ಜಿ. ಪ್ಲೇಟ್ ಏರಿಸಿ, ಬೆನ್ನು ಗೂನು ಮಾಡಿಕೊಂಡು ಜಗ್ಗಿ, ಮಾರನೇ ದಿನ ಹಾಸಿಗೆಯಿಂದ ಏಳಲು ಒದ್ದಾಡುತ್ತಾರೆ.

ಎರಡೂ ಬೇಡ. ನೆಲದ ಮೇಲಿರುವ ಭಾರವನ್ನು ಎತ್ತಿ ನೆಟ್ಟಗೆ ನಿಲ್ಲುವುದು, ಮತ್ತೆ ನೆಲಕ್ಕೆ ಇಡುವುದು, ಡೆಡ್‌ಲಿಫ್ಟ್ ಅಂದರೆ ಇಷ್ಟೇ. ತೊಡೆಯ ಹಿಂಭಾಗ, ಹಿಪ್ (ತೊಡೆ ಸೊಂಟಕ್ಕೆ ಸೇರುವ ಭಾಗ), ಬೆನ್ನು, ಹೆಗಲು, ಕೈಹಿಡಿತ ಎಲ್ಲಕ್ಕೂ ಒಟ್ಟಿಗೆ ಕೆಲಸ ಕೊಡುವ ವ್ಯಾಯಾಮ ಇದು. ಇದು ಕೆಡುವುದು ಎತ್ತುವಾಗ ಅಲ್ಲ. ಎತ್ತುವ ಮುಂಚೆ ಕೆಟ್ಟಿರುತ್ತದೆ. ಬಾರ್ ಎಲ್ಲಿದೆ, ಕಾಲು ಎಲ್ಲಿದೆ, ಉಸಿರು ಎಲ್ಲಿದೆ ಅನ್ನುವುದು ಸರಿ ಇದ್ದರೆ ಮಿಕ್ಕಿದ್ದು ತಾನಾಗಿ ಬರುತ್ತದೆ. ಅದಕ್ಕೇ ಈ ಬರಹದಲ್ಲಿ ಎತ್ತುವುದಕ್ಕಿಂತ ಎತ್ತುವ ಮುಂಚಿನ ಕೆಲಸವೇ ಜಾಸ್ತಿ ಇದೆ.

ಬಂಡೀಪಾಳ್ಯದ ಎಪಿಎಂಸಿ ಯಾರ್ಡ್ ಕಡೆ ಹೋದಾಗ ಮೂಟೆ ಎತ್ತುವ ಹಮಾಲಿಗಳನ್ನು ಸ್ವಲ್ಪ ಹೊತ್ತು ನಿಂತು ನೋಡಿ. 50 ಕೆ.ಜಿ. ಮೂಟೆಯನ್ನು ಅನುಭವ ಇರುವವರು ದೂರದಿಂದ ಕೈಚಾಚಿ ಎತ್ತುವುದೇ ಇಲ್ಲ. ಮೊದಲು ಮೂಟೆಯನ್ನು ಕಾಲಿನ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಕಾಲು ಊರುತ್ತಾರೆ. ಮೂಟೆಯ ಮೂಲೆಗಳನ್ನು ಹಿಡಿದು ಬಿಗಿ ಮಾಡಿಕೊಂಡು, ಆಮೇಲೆ ಮೈಗೆ ಒತ್ತಿಕೊಂಡೇ ಎತ್ತುತ್ತಾರೆ. ಹತ್ತಿರ, ಬಿಗಿ, ಆಮೇಲೆ ಎತ್ತು. ಬಾರ್‌ಗೂ ಇದೇ ಕ್ರಮ.

ಶುರು ಮಾಡುವ ಮುಂಚೆ ಒಂದು ಮಾತು. ಡಿಸ್ಕ್ ತೊಂದರೆ ಇದೆ ಅಂತ ಡಾಕ್ಟರ್ ಹೇಳಿದ್ದರೆ, ಸೊಂಟದಿಂದ ಕಾಲಿಗೆ ಜೋಮು ಅಥವಾ ಸೆಳೆತ ಇಳಿಯುತ್ತಿದ್ದರೆ, ಹರ್ನಿಯಾ ಇದ್ದರೆ, ಬಿಪಿ ಹಿಡಿತದಲ್ಲಿ ಇಲ್ಲದಿದ್ದರೆ, ಇತ್ತೀಚೆಗೆ ಹೆರಿಗೆ ಆಗಿದ್ದರೆ, ಮೊದಲು ಡಾಕ್ಟರ್ ಹತ್ತಿರ ಕೇಳಿ. ಈ ವ್ಯಾಯಾಮದಲ್ಲಿ ಉಸಿರು ಕಟ್ಟಿ ಹಿಡಿಯಬೇಕಾಗುತ್ತದೆ, ಆ ಹೊತ್ತಿನಲ್ಲಿ ಬಿಪಿ ಮೇಲೇರುತ್ತದೆ. ಬಿಪಿ ಇರುವವರು ಕೇಳಿಯೇ ಮಾಡಬೇಕು ಅನ್ನುವುದು ಇದಕ್ಕೇ.

ಮೊದಲು ಬಾರ್ ನೋಡಿ

ನಮ್ಮ ಕಡೆಯ ಜಿಮ್‌ಗಳಲ್ಲಿ ಎರಡು ಥರದ ಬಾರ್ ಇರುತ್ತವೆ. ಒಂದು ಒಲಿಂಪಿಕ್ ಬಾರ್. ಸುಮಾರು 7 ಅಡಿ ಉದ್ದ, ಸರಿಯಾಗಿ ಹೇಳಬೇಕೆಂದರೆ 2.2 ಮೀಟರ್. ತೂಕ 20 ಕೆ.ಜಿ. ಪ್ಲೇಟ್ ಹಾಕುವ ಎರಡು ತುದಿ 50 ಮಿ.ಮೀ. ದಪ್ಪ ಇರುತ್ತದೆ, ಮತ್ತು ಆ ತುದಿಗಳು ತಿರುಗುತ್ತವೆ. ಹೆಂಗಸರ ಬಾರ್ ಅಂತ ಬೇರೆ ಬರುತ್ತದೆ, ಅದು 15 ಕೆ.ಜಿ., ಸ್ವಲ್ಪ ಗಿಡ್ಡ, ಹಿಡಿಯುವ ಜಾಗವೂ ತೆಳು. ಇನ್ನೊಂದು ಥರ ಅಂದರೆ ಎಲ್ಲ ಕಡೆ ಒಂದೇ ದಪ್ಪ ಇರುವ ಒಂದು ಇಂಚಿನ ರಾಡ್. ಹಳೇ ಜಿಮ್‌ಗಳಲ್ಲಿ, ಮನೆಯಲ್ಲಿ ಇಟ್ಟುಕೊಳ್ಳುವ ಸೆಟ್‌ಗಳಲ್ಲಿ ಇದೇ ಜಾಸ್ತಿ. ಆರು ಅಡಿಯ ಗಟ್ಟಿ ರಾಡ್ ಸುಮಾರು 7 ಕೆ.ಜಿ. ಬರುತ್ತದೆ, 20 ಅಲ್ಲ. ಇದು ಗೊತ್ತಿಲ್ಲದೆ ಲೆಕ್ಕ ಹಾಕಿದರೆ, ಒಂದು ಜಿಮ್ ಬಿಟ್ಟು ಇನ್ನೊಂದಕ್ಕೆ ಹೋದ ದಿನ "ಅದೇ 60 ಯಾಕೋ ಇವತ್ತು ಏಳ್ತಾ ಇಲ್ಲ" ಅಂತ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಜಿಮ್‌ನಲ್ಲಿ ತೂಕ ನೋಡುವ ಮಷಿನ್ ಇದ್ದರೆ ಬಾರ್ ಹಿಡಿದುಕೊಂಡು ಹತ್ತಿ, ನಿಮ್ಮ ತೂಕ ಕಳೆಯಿರಿ. ಒಂದು ನಿಮಿಷದ ಕೆಲಸ.

ಬಾರ್ ಬಗ್ಗಿದೆಯಾ ನೋಡಲು ನೆಲದ ಮೇಲೆ ಖಾಲಿ ಬಾರ್ ಉರುಳಿಸಿ. ನಡುವಿನ ಭಾಗ ಮೇಲೆ ಕೆಳಗೆ ಕುಣಿಯುತ್ತಾ ಹೋದರೆ ಬಗ್ಗಿದೆ ಅಂತ ಅರ್ಥ, ಬೇರೆ ಬಾರ್ ತೆಗೆದುಕೊಳ್ಳಿ.

ಈಗ ಬಹಳ ಮುಖ್ಯವಾದ ವಿಷಯಕ್ಕೆ ಬರೋಣ. ಬಾರ್ ನೆಲದಿಂದ ಎಷ್ಟು ಎತ್ತರದಲ್ಲಿದೆ? ಸ್ಪರ್ಧೆಗಳಲ್ಲಿ ಬಳಸುವ ದೊಡ್ಡ ಪ್ಲೇಟ್‌ನ ಅಗಲ 450 ಮಿ.ಮೀ. ಅಂದರೆ ಬಾರ್‌ನ ನಡು ನೆಲದಿಂದ 22.5 ಸೆಂ.ಮೀ. ಮೇಲೆ ನಿಲ್ಲುತ್ತದೆ. ಸಾಧಾರಣ ಎತ್ತರದವರಿಗೆ ಅದು ಮಂಡಿ ಮತ್ತು ಪಾದದ ನಡುವಿನ ಅರ್ಧಕ್ಕೆ ಬರುತ್ತದೆ. ನೀವು ನೋಡುವ ವಿಡಿಯೋಗಳೆಲ್ಲ ಈ ಎತ್ತರದಲ್ಲಿ ಎತ್ತುವಂಥವು. ಆದರೆ ನಮ್ಮ ಜಿಮ್‌ನ 5ರ, 10ರ ಪ್ಲೇಟ್‌ಗಳು ಚಿಕ್ಕವು. 30 ಸೆಂ.ಮೀ. ಅಗಲದ ಪ್ಲೇಟ್ ಹಾಕಿದರೆ ಬಾರ್ 15 ಸೆಂ.ಮೀ. ಎತ್ತರಕ್ಕೆ ಇಳಿಯುತ್ತದೆ. ಅಲ್ಲಿವರೆಗೆ ಬೆನ್ನು ನೇರ ಇಟ್ಟುಕೊಂಡು ಬಗ್ಗಲು ಹೊಸಬರಿಗೆ ಆಗುವುದೇ ಇಲ್ಲ. ಬೆನ್ನು ಗೂನಾಗಲೇಬೇಕು. ಅಂದರೆ ಹಗುರ ತೂಕದಲ್ಲಿ ಶುರು ಮಾಡುವ ಬುದ್ಧಿವಂತರಿಗೇ ಇಲ್ಲಿ ಜಾಸ್ತಿ ಕಷ್ಟ. ಇದು ನಿಮ್ಮ ತಪ್ಪಲ್ಲ, ಬಾರ್ ತಗ್ಗಿನಲ್ಲಿದೆ ಅಷ್ಟೇ.

ಪರಿಹಾರ ಸುಲಭ. ಎರಡೂ ಕಡೆ ಪ್ಲೇಟ್‌ಗಳ ಕೆಳಗೆ ಇನ್ನೊಂದೆರಡು ಪ್ಲೇಟ್ ಮಲಗಿಸಿ ಇಡಿ. ಎರಡೂ ಕಡೆ ಒಂದೇ ದಪ್ಪ ಇರಬೇಕು, ಅಲ್ಲಾಡಬಾರದು. ಗಟ್ಟಿಯಾದ ರಬ್ಬರ್ ಮ್ಯಾಟ್ ತುಂಡುಗಳಿದ್ದರೆ ಇನ್ನೂ ಒಳ್ಳೆಯದು. ಅಥವಾ ಸ್ಕ್ವಾಟ್ ರ‍್ಯಾಕ್‌ನ ಅಡ್ಡಕಂಬಿಗಳನ್ನು ತೀರಾ ಕೆಳಗಿನ ತೂತಿಗೆ ಹಾಕಿ ಅದರ ಮೇಲೆ ಬಾರ್ ಇಡಿ. ಒಂದು ಟೇಪ್ ತೆಗೆದುಕೊಂಡು ನೆಲದಿಂದ ಬಾರ್‌ನ ನಡುವಿಗೆ ಅಳೆಯಿರಿ. 22 ಅಥವಾ 23 ಸೆಂ.ಮೀ. ಬಂದರೆ ಸಾಕು. ತೊಡೆಯ ಹಿಂಭಾಗ ತುಂಬ ಬಿಗಿ ಇರುವವರು, ದಿನವಿಡೀ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು, ಇನ್ನೂ ನಾಲ್ಕೈದು ಸೆಂ.ಮೀ. ಮೇಲಿಟ್ಟು ಶುರು ಮಾಡಿ, ವಾರ ಕಳೆದಂತೆ ಇಳಿಸಿಕೊಂಡು ಬನ್ನಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಲಾಕ್ ಹಾಕದೆ ಎತ್ತಬೇಡಿ. ಪ್ಲೇಟ್ ಜಾರಿ ಒಂದು ಕಡೆ ಹೊರಗೆ ಸರಿದರೆ ಬಾರ್ ತಿರುಚಿಕೊಳ್ಳುತ್ತದೆ, ಅದರ ಜೊತೆ ನಿಮ್ಮ ಸೊಂಟವೂ. ನೆಲದಲ್ಲಿರುವ ಬಾರ್‌ಗೆ ಎರಡನೇ ಪ್ಲೇಟ್ ಹಾಕಲು ಒದ್ದಾಡುವವರಿಗೆ ಒಂದು ಉಪಾಯ: 1.25ರ ಚಿಕ್ಕ ಪ್ಲೇಟನ್ನು ನೆಲದ ಮೇಲಿಟ್ಟು, ಒಳಗಿನ ದೊಡ್ಡ ಪ್ಲೇಟನ್ನು ಅದರ ಮೇಲಕ್ಕೆ ಉರುಳಿಸಿ. ಬಾರ್ ಒಂದು ಚೂರು ಮೇಲೇಳುತ್ತದೆ, ಹೊರಗಿನ ಪ್ಲೇಟ್ ಸಲೀಸಾಗಿ ಒಳಗೆ ಹೋಗುತ್ತದೆ. ತೆಗೆಯುವಾಗಲೂ ಹೀಗೇ.

ಕಾಲಿಗೆ ಏನು? ಮೆತ್ತನೆ ಅಟ್ಟೆಯ ರನ್ನಿಂಗ್ ಶೂ ಬೇಡ. ಕುಕ್ಕರಹಳ್ಳಿ ಕೆರೆ ಸುತ್ತ ಓಡುವುದಕ್ಕೆ ಅದು ಸರಿ, ಇಲ್ಲಿ ಹಿಮ್ಮಡಿ ಒಳಗೆ ಕುಸಿದು ಕಾಲು ಅಲ್ಲಾಡುತ್ತದೆ. ತೆಳು ಚಪ್ಪಟೆ ಅಟ್ಟೆಯ ಕ್ಯಾನ್ವಾಸ್ ಶೂ ಸಾಕು. ಜಿಮ್‌ನವರು ಬಿಟ್ಟರೆ ಬರಿಗಾಲು ಅಥವಾ ಸಾಕ್ಸ್, ಆದರೆ ಕೆಳಗೆ ರಬ್ಬರ್ ಮ್ಯಾಟ್ ಇರಬೇಕು, ಟೈಲ್ಸ್ ಮೇಲೆ ಸಾಕ್ಸ್ ಜಾರುತ್ತದೆ. ಚಪ್ಪಲಿ ಹಾಕಿಕೊಂಡು ಎತ್ತುವುದನ್ನೂ ನೋಡಿದ್ದೇನೆ, ದಯವಿಟ್ಟು ಬೇಡ.

ಬಗ್ಗುವುದು ಕಲಿಯಿರಿ

ಬಾರ್ ಮುಟ್ಟುವ ಮುಂಚೆ ಬಗ್ಗಲು ಕಲಿಯಬೇಕು. ನಾವು ಸಾಮಾನ್ಯವಾಗಿ ಬಿದ್ದ ಪೆನ್ ಎತ್ತಲು ಬಗ್ಗುವುದು ಸೊಂಟ ಮಡಿಚಿ, ಬೆನ್ನು ಬಗ್ಗಿಸಿ. ಇಲ್ಲಿ ಹಾಗಲ್ಲ. ಬೆನ್ನು ಹೇಗಿದೆಯೋ ಹಾಗೇ ಇರಬೇಕು, ಮಡಿಚುವುದು ತೊಡೆ ಮತ್ತು ಹೊಟ್ಟೆ ಸೇರುವ ಕೀಲಿನಲ್ಲಿ. ಇದನ್ನು ಜಿಮ್‌ನಲ್ಲಿ ಹಿಪ್ ಹಿಂಜ್ ಅನ್ನುತ್ತಾರೆ. ದಸರಾ ಸಮಯದಲ್ಲಿ ದೊಡ್ಡಕೆರೆ ಮೈದಾನದ ಸಾಹುಕಾರ್ ಚೆನ್ನಯ್ಯ ಅಖಾಡದಲ್ಲಿ ಕುಸ್ತಿ ನೋಡಿದವರು ನೆನಪಿಸಿಕೊಳ್ಳಿ. ಜಟ್ಟಿಗಳು ಒಬ್ಬರ ಎದುರು ಒಬ್ಬರು ನಿಂತು ಕೈ ಕೊಡುವಾಗ ಹೇಗೆ ನಿಂತಿರುತ್ತಾರೆ? ಮಂಡಿ ಸ್ವಲ್ಪ ಸಡಿಲ, ಹಿಂಭಾಗ ಹಿಂದಕ್ಕೆ, ಬೆನ್ನು ಗಟ್ಟಿ. ಗರಡಿಯಲ್ಲಿ ಸಾಮು ಮಾಡಿ ಬಂದ ಹುಡುಗರಿಗೆ ಡೆಡ್‌ಲಿಫ್ಟ್ ಬೇಗ ಹತ್ತುವುದಕ್ಕೆ ಇದೂ ಒಂದು ಕಾರಣ, ಅವರ ಮೈಗೆ ಈ ನಿಲುವು ಆಗಲೇ ಗೊತ್ತು.

ನೀವು ಮನೆಯಲ್ಲೇ ಕಲಿಯಬಹುದು. ಗೋಡೆಗೆ ಬೆನ್ನು ಮಾಡಿ ಒಂದು ಅಡಿ ದೂರ ನಿಲ್ಲಿ. ಮಂಡಿ ತುಸು ಸಡಿಲ ಬಿಡಿ. ಈಗ ಕುಳಿತುಕೊಳ್ಳದೆ, ಹಿಂಭಾಗವನ್ನು ಮಾತ್ರ ಹಿಂದಕ್ಕೆ ತಳ್ಳಿ ಗೋಡೆ ಮುಟ್ಟಿಸಿ. ಎದೆ ತಾನಾಗಿ ಮುಂದಕ್ಕೆ ಬಾಗುತ್ತದೆ. ತೊಡೆಯ ಹಿಂಭಾಗದಲ್ಲಿ ಎಳೆತ ಗೊತ್ತಾದರೆ ಸರಿಯಾಗಿದೆ. ಮುಟ್ಟಿತಾ? ಎರಡು ಇಂಚು ಮುಂದೆ ಸರಿದು ಮತ್ತೆ ಮಾಡಿ. ಆಮೇಲೆ ಒಂದು ನೇರ ಕೋಲು ತೆಗೆದುಕೊಂಡು ಬೆನ್ನಿನ ಉದ್ದಕ್ಕೆ ಹಿಡಿಯಿರಿ. ಒಂದು ಕೈ ಕುತ್ತಿಗೆ ಹಿಂದೆ, ಇನ್ನೊಂದು ಸೊಂಟದ ಹಿಂದೆ. ಕೋಲು ತಲೆಯ ಹಿಂಭಾಗ, ಹೆಗಲುಗಳ ನಡು, ಬೆನ್ನುಮೂಳೆಯ ಕೊನೆ, ಈ ಮೂರೂ ಕಡೆ ಮುಟ್ಟಿರಬೇಕು. ಬಗ್ಗುವಾಗ ಯಾವುದಾದರೂ ಒಂದು ಬಿಟ್ಟರೆ ಬೆನ್ನು ಅಥವಾ ಕುತ್ತಿಗೆ ಬಾಗಿತು ಅಂತ. ಕೋಲು ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಸಂಜೆ ಹತ್ತು ಹತ್ತು ಸಲ ಮಾಡುತ್ತಾ ಬಂದರೆ ಮೈಗೆ ಹಿಡಿಯುತ್ತದೆ.

ಬಾರ್ ಮುಂದೆ ನಿಲ್ಲುವುದು

ಇದನ್ನು ನಿಧಾನವಾಗಿ ಓದಿ, ಆದರೆ ಜಿಮ್‌ನಲ್ಲಿ ಒಂದಾದ ಮೇಲೆ ಒಂದು ನಿಲ್ಲಿಸದೆ ಮಾಡಿ.

ಬಾರ್ ನಿಮ್ಮ ಪಾದದ ನಡುವಿನ ಮೇಲೆ ಇರಬೇಕು. ನಡು ಅಂದರೆ ಕಣ್ಣಿಗೆ ಕಾಣುವ ಶೂನ ಮುಂಭಾಗದ ನಡು ಅಲ್ಲ, ಹಿಮ್ಮಡಿಯಿಂದ ಬೆರಳ ತುದಿವರೆಗಿನ ಪೂರ್ತಿ ಪಾದದ ನಡು. ಹೆಚ್ಚುಕಡಿಮೆ ಶೂ ಲೇಸ್ ಗಂಟಿನ ಜಾಗ. ನೆಟ್ಟಗೆ ನಿಂತಾಗ ಬಾರ್‌ಗೂ ನಿಮ್ಮ ಮಂಡಿ ಕೆಳಗಿನ ಮೂಳೆಗೂ, ಅಂದರೆ ಶಿನ್‌ಗೂ, ಒಂದು ಇಂಚು ಸಂದು ಇರುತ್ತದೆ. ಹೊಸಬರು ಬಹುತೇಕ ಬಾರ್‌ನಿಂದ ದೂರ ನಿಲ್ಲುತ್ತಾರೆ, ಮೂಳೆಗೆ ಉಜ್ಜುತ್ತದೆ ಅನ್ನುವ ಭಯ. ಉದ್ದ ಸಾಕ್ಸ್ ಅಥವಾ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬನ್ನಿ, ಭಯ ಹೋಗುತ್ತದೆ. ಬಾರ್ ಮುಂದೆ ಸರಿದಷ್ಟೂ ಅದೇ ತೂಕ ಸೊಂಟಕ್ಕೆ ಜಾಸ್ತಿ ಭಾರ ಆಗುತ್ತದೆ.

ಕಾಲುಗಳ ನಡುವಿನ ಅಂತರ ಹಿಪ್‌ನಷ್ಟು. ಜಿಗಿಯಲು ತಯಾರಾಗಿ ನಿಂತರೆ ಕಾಲು ಎಲ್ಲಿ ಬರುತ್ತದೋ ಅಲ್ಲಿ. ಬೆರಳು ಸ್ವಲ್ಪ ಹೊರಗೆ ತಿರುಗಿರಲಿ.

ಈಗ ಹಿಪ್ ಹಿಂದಕ್ಕೆ ತಳ್ಳಿ ಬಗ್ಗಿ, ಬಾರ್ ಹಿಡಿಯಿರಿ. ಬಾರ್ ಅಲ್ಲಾಡಬಾರದು. ಕೈಗಳು ಕಾಲುಗಳ ಹೊರಗೆ, ಕಾಲಿಗೆ ತಾಗಿಯೂ ತಾಗದ ಹಾಗೆ. ಕೈ ತುಂಬ ಅಗಲ ಇಟ್ಟರೆ ಇನ್ನೂ ಕೆಳಗೆ ಬಗ್ಗಬೇಕಾಗುತ್ತದೆ, ಸುಮ್ನೆ ಕಷ್ಟ.

ಹಿಡಿದ ಮೇಲೆ ಮಂಡಿ ಮುಂದಕ್ಕೆ ಮಡಿಚಿ, ಶಿನ್ ಬಾರನ್ನು ಮುಟ್ಟುವ ತನಕ ಮಾತ್ರ. ಮುಟ್ಟಿದ ತಕ್ಷಣ ನಿಲ್ಲಿಸಿ. ಇಲ್ಲೇ ಜಾಸ್ತಿ ಜನ ದಾರಿ ತಪ್ಪುವುದು, ಸ್ಕ್ವಾಟ್ ಮಾಡಿದ ಹಾಗೆ ಪೂರ್ತಿ ಕೆಳಗೆ ಕೂತುಬಿಡುತ್ತಾರೆ. ಆಗ ಮಂಡಿ ಬಾರನ್ನು ಮುಂದಕ್ಕೆ ತಳ್ಳುತ್ತದೆ. ಎತ್ತಲು ಹೊರಟಾಗ ಹಿಪ್ ಮೊದಲು ಮೇಲಕ್ಕೆ ಹಾರಿ, ಬಾರ್ ಮಾತ್ರ ಅಲ್ಲೇ ಕೂತಿರುತ್ತದೆ. ಸರಿಯಾದ ನಿಲುವಿನಲ್ಲಿ ಹಿಪ್ ಮಂಡಿಗಿಂತ ಮೇಲೆ, ಹೆಗಲಿಗಿಂತ ಕೆಳಗೆ ಇರುತ್ತದೆ. ಪಕ್ಕದಿಂದ ನೋಡಿದರೆ ಹೆಗಲು ಬಾರ್‌ಗಿಂತ ಒಂದು ಚೂರು ಮುಂದೆ. ಕಾಲು ಉದ್ದ ಇರುವವರ ಬೆನ್ನು, ನೇರವಾಗಿದ್ದುಕೊಂಡೇ, ಮುಂದಕ್ಕೆ ಜಾಸ್ತಿ ವಾಲಿರುತ್ತದೆ, ಗಿಡ್ಡ ಕಾಲಿನವರದು ಕಡಿಮೆ. ಪಕ್ಕದವರ ಹಾಗೆ ಕಾಣಬೇಕು ಅಂತ ಏನಿಲ್ಲ.

ಎದೆ ಸ್ವಲ್ಪ ಮುಂದೆ ತನ್ನಿ, ಹಿಪ್ ಇಳಿಸದೆ. ಕಂಕುಳನ್ನು ಬಿಗಿ ಮಾಡಿ, ತೋಳನ್ನು ಪಕ್ಕೆಗೆ ಒತ್ತಿ. ಬೆನ್ನಿನ ಎರಡೂ ಪಕ್ಕದ ಮಾಂಸ, ರೆಕ್ಕೆ ಅಂತ ನಾವು ಕರೆಯುವ ಲ್ಯಾಟ್ಸ್, ಆಗ ಎಚ್ಚರ ಆಗುತ್ತದೆ, ಬಾರನ್ನು ಮೈಗೆ ಅಂಟಿಸಿ ಇಡುವುದು ಅದೇ. ಮೊಣಕೈ ನೇರ ಇರಲಿ. ಕೈ ಇಲ್ಲಿ ಎಳೆಯುವುದಿಲ್ಲ, ಬರೀ ಹಿಡಿದಿರುತ್ತದೆ.

ಉಸಿರು. ಮೂಗಿನಿಂದಲೋ ಬಾಯಿಂದಲೋ ಜೋರಾಗಿ ಎಳೆದುಕೊಳ್ಳಿ, ಆದರೆ ಎದೆಗೆ ಅಲ್ಲ, ಹೊಟ್ಟೆಗೆ. ಹೊಟ್ಟೆ ಮುಂದಕ್ಕೆ ಮಾತ್ರ ಅಲ್ಲ, ಎರಡೂ ಪಕ್ಕಕ್ಕೂ ಉಬ್ಬಬೇಕು. ಯಾರೋ ಹೊಟ್ಟೆಗೆ ಗುದ್ದಲು ಬರುತ್ತಿದ್ದರೆ ಹೇಗೆ ಬಿಗಿ ಮಾಡುತ್ತೀರೋ ಹಾಗೆ ಬಿಗಿ ಮಾಡಿ, ಉಸಿರು ಕಟ್ಟಿ. ಬೆನ್ನುಮೂಳೆಗೆ ಒಳಗಿನಿಂದ ಸಿಗುವ ಆಧಾರ ಇದೇ. ಸೊಂಟಕ್ಕೆ ಕಟ್ಟುವ ಜಿಮ್ ಬೆಲ್ಟ್ ಮಾಡುವುದೂ ಇದನ್ನೇ, ಹೊಟ್ಟೆಗೆ ಒತ್ತಲು ಒಂದು ಗೋಡೆ ಕೊಡುತ್ತದೆ. ಉಸಿರು ಕಟ್ಟಲು ಬಾರದವರಿಗೆ ಬೆಲ್ಟ್‌ನಿಂದ ಪ್ರಯೋಜನ ಇಲ್ಲ, ಮೊದಲ ಕೆಲವು ತಿಂಗಳು ಅದನ್ನು ಮುಟ್ಟದಿದ್ದರೂ ನಡೆಯುತ್ತದೆ.

ಕೊನೆಯದು, ಯಾರೂ ಹೇಳಿಕೊಡದ್ದು. ಬಾರ್‌ಗೂ ಪ್ಲೇಟ್‌ಗೂ ನಡುವೆ ಒಂದು ಸಣ್ಣ ಸಂದು ಇರುತ್ತದೆ, ಬಾರ್ ಕೂಡ ಸ್ವಲ್ಪ ಬಾಗುತ್ತದೆ. ಪ್ಲೇಟ್ ನೆಲ ಬಿಡದ ಹಾಗೆ ಬಾರನ್ನು ಮೇಲಕ್ಕೆ ನಿಧಾನವಾಗಿ ಎಳೆದು ಆ ಸಡಿಲವನ್ನೆಲ್ಲ ತೆಗೆಯಿರಿ. ಒಳ್ಳೆ ಬಾರ್ ಆದರೆ "ಟಕ್" ಅಂತ ಒಂದು ಸದ್ದು ಕಿವಿಗೇ ಕೇಳುತ್ತದೆ. ತೋಳು ಬಿಗಿಯುತ್ತದೆ, ತೊಡೆಯ ಹಿಂದೆ ಎಳೆತ ಬರುತ್ತದೆ, ಇಡೀ ಮೈ ಬಾರ್‌ನ ಜೊತೆ ಒಂದಾಗುತ್ತದೆ. ಆ ಸದ್ದು ಕೇಳಿದ ಮೇಲೆಯೇ ಎತ್ತುವುದು. ಈ ಹೆಜ್ಜೆ ಬಿಟ್ಟು ಒಮ್ಮೆಲೇ ಜಗ್ಗಿದರೆ, ಸಡಿಲ ಮುಗಿದು ಭಾರ ಹತ್ತುವ ಕ್ಷಣದಲ್ಲಿ ಬೆನ್ನು ಬಾಗಿಬಿಡುತ್ತದೆ. ಸೊಂಟ ಹಿಡಿದುಕೊಳ್ಳುವ ಎಷ್ಟೋ ಜನರದ್ದು ಇದೇ ತಪ್ಪು.

ಎತ್ತುವುದು, ಇಳಿಸುವುದು

ಈಗ ಬಾರನ್ನು ಎಳೆಯಬೇಡಿ, ಪಾದದಿಂದ ನೆಲವನ್ನು ಕೆಳಕ್ಕೆ ತಳ್ಳಿ. ಹಿಪ್ ಮತ್ತು ಎದೆ ಒಟ್ಟಿಗೆ ಮೇಲೇಳಬೇಕು. ಬಾರ್ ಶಿನ್ ಸವರಿಕೊಂಡು, ಮಂಡಿ ದಾಟಿ, ತೊಡೆ ಸವರಿಕೊಂಡು ಮೇಲೆ ಬರುತ್ತದೆ. ಬಾರ್ ಮಂಡಿ ದಾಟಿದ ಕೂಡಲೇ ಹಿಪ್ ಮುಂದಕ್ಕೆ ತನ್ನಿ, ನೆಟ್ಟಗೆ ನಿಲ್ಲಿ. ಅಷ್ಟೇ. ಮೇಲೆ ಹೋಗಿ ಹಿಂದಕ್ಕೆ ವಾಲುವುದು, ಹೆಗಲು ಕಿವಿವರೆಗೆ ಎತ್ತುವುದು, ಇವೆಲ್ಲ ಬೇಡ. ಕನ್ನಡಿ ಎದುರಿಗಿದೆ ಅಂತ ತಲೆ ಎತ್ತಿ ಮುಖ ನೋಡಿಕೊಳ್ಳಬೇಡಿ, ಕುತ್ತಿಗೆಗೆ ಒಳ್ಳೆಯದಲ್ಲ. ನಾಲ್ಕೈದು ಅಡಿ ಮುಂದೆ ನೆಲದ ಮೇಲೆ ಒಂದು ಕಡೆ ಕಣ್ಣು ನೆಡಿ.

ಇಳಿಸುವಾಗ ಉಲ್ಟಾ ಕ್ರಮ. ಮೊದಲು ಹಿಪ್ ಹಿಂದಕ್ಕೆ, ಬಾರ್ ತೊಡೆ ಮೇಲೆ ಜಾರುತ್ತಾ ಮಂಡಿ ದಾಟಲಿ. ದಾಟಿದ ಮೇಲೆ ಮಂಡಿ ಮಡಿಚಿ. ಮೊದಲೇ ಮಂಡಿ ಮಡಿಚಿದರೆ ಬಾರ್ ಮಂಡಿ ಚಿಪ್ಪಿಗೆ ಬಡಿಯುತ್ತದೆ. ನಮ್ಮಲ್ಲಿ ಎಷ್ಟೋ ಜಿಮ್‌ಗಳು ಅಂಗಡಿಗಳ ಮೇಲಿನ ಮಹಡಿಯಲ್ಲಿರುತ್ತವೆ, ಕೆಳಗೆ ಹೋಟೆಲೋ ಮೆಡಿಕಲ್ ಸ್ಟೋರೋ ಇರುತ್ತದೆ. ದಬಾರ್ ಅಂತ ಬಿಟ್ಟರೆ ಓನರ್ ಓಡಿ ಬರುತ್ತಾರೆ, ಮಾರನೇ ದಿನ "ಡೆಡ್‌ಲಿಫ್ಟ್ ಮಾಡಬೇಡಿ" ಅಂತ ಬೋರ್ಡ್ ಬೀಳುತ್ತದೆ, ಎಲ್ಲರಿಗೂ ನಷ್ಟ. ಬಾರನ್ನು ಕೈಬಿಡದೆ ಇಳಿಸಿ. ಹಾಗಂತ ಆಮೆ ಥರ ನಿಧಾನವಾಗಿಯೂ ಬೇಡ, ಬೆನ್ನು ಸುಸ್ತಾಗುತ್ತದೆ.

ನೆಲಕ್ಕೆ ಬಂದ ಮೇಲೆ ಬಾರ್ ಪೂರ್ತಿ ನಿಲ್ಲಲಿ. ಉಸಿರು ಬಿಡಿ. ಮತ್ತೆ ಉಸಿರು ಎಳೆದು, ಬಿಗಿ ಮಾಡಿ, ಸಡಿಲ ತೆಗೆದು ಮುಂದಿನದು. ರಬ್ಬರ್ ಪ್ಲೇಟ್ ನೆಲಕ್ಕೆ ಬಡಿದು ಪುಟಿಯುವ ವೇಗದಲ್ಲಿ ಮುಂದಿನದನ್ನು ಎತ್ತುವುದು ಸುಲಭ ಅನಿಸುತ್ತದೆ, ಆದರೆ ನೆಲದಿಂದ ಎತ್ತುವ ಶಕ್ತಿ ಅದರಿಂದ ಬರುವುದಿಲ್ಲ.

ಸರಿಯಾಗಿ ಮಾಡುತ್ತಿದ್ದೀರಾ ಅಂತ ಗೊತ್ತಾಗಲು ಮೊಬೈಲ್ ಬಳಸಿ. ನೀರಿನ ಬಾಟಲ್‌ಗೆ ಒರಗಿಸಿ ಬೆಂಚ್ ಮೇಲೆ, ಸೊಂಟದ ಎತ್ತರಕ್ಕೆ, ಸರಿಯಾಗಿ ಪಕ್ಕದಿಂದ ಇಡಿ. ಮುಂದಿನಿಂದ ತೆಗೆದ ವಿಡಿಯೋದಲ್ಲಿ ಬೆನ್ನು ಕಾಣುವುದಿಲ್ಲ. ಮೂರು ವಿಷಯ ನೋಡಿ. ಬಾರ್ ನೇರ ಗೆರೆಯಲ್ಲಿ ಮೇಲೆ ಹೋಯಿತಾ, ಮುಂದಕ್ಕೆ ತೇಲಿತಾ? ಬಾರ್ ನೆಲ ಬಿಟ್ಟಾಗ ಸೊಂಟದ ಆಕಾರ ಬದಲಾಯಿತಾ? ಹಿಪ್ ಮೊದಲು ಎದ್ದಿತಾ? ಬಾರ್ ಮುಂದೆ ಹೋದರೆ ಕಂಕುಳ ಬಿಗಿ ಸಾಲದು, ಅಥವಾ ನೀವು ನಿಂತಿದ್ದೇ ದೂರ. ಸೊಂಟ ಬಾಗಿದರೆ ತೂಕ ಜಾಸ್ತಿಯಾಗಿದೆ, ಇಲ್ಲವೇ ಬಾರ್ ತಗ್ಗಿನಲ್ಲಿದೆ. ಹಿಪ್ ಮೊದಲು ಎದ್ದರೆ ಶುರುವಿನಲ್ಲೇ ತೀರಾ ಕೆಳಗೆ ಕೂತಿದ್ದಿರಿ.

ಮಾರನೇ ದಿನ ತೊಡೆಯ ಹಿಂದೆ, ಬೆನ್ನಿನ ಎರಡೂ ಪಕ್ಕದ ಮಾಂಸದಲ್ಲಿ ಒಂದೇ ಸಮನೆ ನೋವಿದ್ದರೆ ಹೆದರಬೇಡಿ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಒಂದೇ ಕಡೆ ಚುಚ್ಚುವ ನೋವು, ಎತ್ತುವಾಗಲೇ ಚಳಕ್ ಅಂದಿದ್ದು, ಕಾಲಿಗೆ ಇಳಿಯುವ ನೋವು, ಇವು ಬೇರೆ. ಅಲ್ಲಿಗೆ ನಿಲ್ಲಿಸಿ, ಡಾಕ್ಟರ್‌ಗೆ ತೋರಿಸಿ.

ಕೈಹಿಡಿತ ಮತ್ತು ಬೇರೆ ಸಣ್ಣಪುಟ್ಟವು

ಶುರುವಿನಲ್ಲಿ ಎರಡೂ ಅಂಗೈ ನಿಮ್ಮ ಕಡೆ ನೋಡುವ ಹಾಗೆ ಹಿಡಿಯಿರಿ. ಕೈ ಗಟ್ಟಿಯಾಗುವುದು ಇದರಲ್ಲೇ. ತೂಕ ಏರಿದಂತೆ ಬೆರಳು ಬಿಚ್ಚಿಕೊಳ್ಳಲು ಶುರುವಾದಾಗ ಒಂದು ಕೈ ತಿರುಗಿಸಿ ಹಿಡಿಯುವವರು ಇದ್ದಾರೆ. ಹಾಗೆ ಹಿಡಿದರೆ ತಿರುಗಿಸಿದ ಕೈಯ ಮೊಣಕೈ ಖಂಡಿತ ನೇರ ಇರಬೇಕು, ಮಡಿಚಿ ಎಳೆದರೆ ಬೈಸೆಪ್ಸ್ ಕಿತ್ತುಕೊಳ್ಳುವ ಅಪಾಯ ನಿಜಕ್ಕೂ ಇದೆ. ಅದಕ್ಕಿಂತ ಸ್ಟ್ರ್ಯಾಪ್, ಅಂದರೆ ಮಣಿಕಟ್ಟಿನಿಂದ ಬಾರ್‌ಗೆ ಸುತ್ತುವ ಪಟ್ಟಿ, ಹಾಕಿಕೊಳ್ಳುವುದು ಮೇಲು, ಕೊನೆಯ ಭಾರದ ಸೆಟ್‌ಗೆ (ವಿಶ್ರಾಂತಿ ಇಲ್ಲದೆ ಎತ್ತುವ ಒಂದು ಸುತ್ತಿಗೆ) ಮಾತ್ರ.

ಬೆವರಿಗೆ ಚಾಕ್ ಬೇಕು. ಜಿಮ್ ಚಾಕ್ ಅಂದರೆ ಮೆಗ್ನೀಸಿಯಂ ಕಾರ್ಬೊನೇಟ್, ಶಾಲೆಯ ಸೀಮೆಸುಣ್ಣ ಅಲ್ಲ. ಪುಡಿ ನೆಲಕ್ಕೆ ಬೀಳುತ್ತದೆ ಅಂತ ಜಿಮ್‌ನವರು ಬೇಡ ಅಂದರೆ ಲಿಕ್ವಿಡ್ ಚಾಕ್ ಸಿಗುತ್ತದೆ, ಕೈಗೆ ಹಚ್ಚಿ ಒಣಗಿಸಿದರೆ ಆಯಿತು. ಟಾಲ್ಕಮ್ ಪೌಡರ್ ಕೈಗೆ ಹಾಕಲೇಬೇಡಿ, ಅದು ಜಾರಿಸುತ್ತದೆ. ಸ್ಪರ್ಧೆಯಲ್ಲಿ ಅದನ್ನು ಹಾಕುವುದು ತೊಡೆಗೆ, ಬಾರ್ ಸಲೀಸಾಗಿ ಜಾರಿ ಮೇಲೆ ಬರಲಿ ಅಂತ.

ಡೆಡ್‌ಲಿಫ್ಟ್ ಇರುವುದು ಪವರ್‌ಲಿಫ್ಟಿಂಗ್‌ನಲ್ಲಿ, ಸ್ಕ್ವಾಟ್ ಮತ್ತು ಬೆಂಚ್ ಪ್ರೆಸ್ ಜೊತೆ. ನಮ್ಮ ಕುಂದಾಪುರದ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದಿದ್ದು ವೇಟ್‌ಲಿಫ್ಟಿಂಗ್‌ನಲ್ಲಿ. ಅಲ್ಲಿ ಬಾರ್ ತಲೆಯ ಮೇಲೆ ಹೋಗಬೇಕು. ಎರಡೂ ಬೇರೆ ಆಟ, ಆದರೆ ಬಾರ್ ನೆಲ ಬಿಡುವ ಮುಂಚಿನ ಬಿಗಿ ಎರಡಕ್ಕೂ ಬೇಕು. ಇನ್ನು 2016ರಲ್ಲಿ ಇಂಗ್ಲೆಂಡಿನ ಎಡ್ಡಿ ಹಾಲ್ ಎತ್ತಿದ 500 ಕೆ.ಜಿ. ವಿಡಿಯೋ ಎಲ್ಲರೂ ನೋಡಿರುತ್ತೀರಿ. ಖುಷಿಗೆ ನೋಡಿ, ಕಲಿಯಲು ಬೇಡ, ಅದು ಸ್ಟ್ರ್ಯಾಪ್, ಸೂಟ್ ಎಲ್ಲ ಹಾಕಿ ಎತ್ತುವ ಸ್ಟ್ರಾಂಗ್‌ಮನ್ ಪಂದ್ಯ. ಕಾಲು ಅಗಲಿಸಿ ಎತ್ತುವ ಸುಮೋ ಶೈಲಿಯೂ ಇದೆ, ಅದು ಮೋಸ ಅಲ್ಲ, ಕೆಲವರ ಮೈಕಟ್ಟಿಗೆ ಅದೇ ಸರಿ. ಇದನ್ನು ಕಲಿತ ಮೇಲೆ ನೋಡಿಕೊಳ್ಳಿ.

ಹೆಂಗಸರಿಗೆ ಇದನ್ನು ಯಾಕೆ ಹೇಳಿಕೊಡುವುದಿಲ್ಲ ಅಂತ ನನಗೆ ನಿಜವಾಗಿ ಬೇಸರ ಇದೆ. ಲೇಡೀಸ್ ಬ್ಯಾಚ್‌ಗೆ ಎರಡು ಕೆ.ಜಿ. ಡಂಬಲ್ ಕೊಟ್ಟು ಟ್ರೆಡ್‌ಮಿಲ್ ಹತ್ತಿಸಿ ಕಳಿಸಿಬಿಡುತ್ತಾರೆ. ಮನೆಯಲ್ಲಿ ತುಂಬಿದ ಗ್ಯಾಸ್ ಸಿಲಿಂಡರ್ ಸರಿಸುವವರು ಅವರೇ, ಅದರಲ್ಲಿ 14.2 ಕೆ.ಜಿ. ಗ್ಯಾಸ್, ಸಿಲಿಂಡರ್ ತೂಕವೂ ಸೇರಿದರೆ ಸುಮಾರು 30 ಕೆ.ಜಿ. ಅದನ್ನು ಎತ್ತುವುದು ಹೇಗೆ ಅಂತ ಯಾರೂ ಕಲಿಸಿರುವುದಿಲ್ಲ. ಅಕ್ಕ, ಅಮ್ಮ, ಯಾರಾದರೂ ಸರಿ, ಕೋಲು ಹಿಡಿದು ಬಗ್ಗುವುದರಿಂದ ಶುರು ಮಾಡಿ, 15ರ ಬಾರ್ ಸಿಕ್ಕರೆ ಅದರಲ್ಲಿ, ಇಲ್ಲವಾದರೆ ಒಂದು ಡಂಬಲ್ ಅನ್ನು ಎರಡು ಕೈಯಲ್ಲಿ ಹಿಡಿದು ಕಾಲುಗಳ ನಡುವಿನಿಂದ ಎತ್ತಿ. ಒಂದೇ ಒಂದು ವ್ಯಾಯಾಮಕ್ಕೆ ಮೈ ಗಂಡಸರ ಥರ ಆಗಿಬಿಡುವುದಿಲ್ಲ.

ಊಟದ ಬಗ್ಗೆ ಎರಡೇ ಮಾತು. ಮುದ್ದೆ, ಬಸ್ಸಾರು ಒಳ್ಳೆಯದೇ, ಆದರೆ ಅದರಲ್ಲಿ ಪ್ರೋಟೀನ್ ಕಡಿಮೆ. ಮೊಟ್ಟೆ, ಹುರುಳಿಕಾಳು, ಮೊಸರು, ಕೋಳಿ, ಸೋಯಾ, ನಿಮಗೆ ಆಗುವುದನ್ನು ಸೇರಿಸಿ. ಒಂದು ಮೊಟ್ಟೆಗೆ ಸುಮಾರು 6 ಗ್ರಾಂ ಪ್ರೋಟೀನ್. ಮುದ್ದೆ ನುಂಗಿ ಅರ್ಧ ಗಂಟೆಗೆ ಡೆಡ್‌ಲಿಫ್ಟ್‌ಗೆ ನಿಲ್ಲಬೇಡಿ, ಹೊಟ್ಟೆ ಬಿಗಿ ಮಾಡಲು ಆಗುವುದಿಲ್ಲ. ಎರಡು ಗಂಟೆ ಬಿಡಿ.

ಎಷ್ಟು ತೂಕ, ಎಷ್ಟು ಸಲ

ಮೊದಲ ದಿನ: ಐದು ನಿಮಿಷ ನಡೆದು ಮೈ ಬಿಸಿ ಮಾಡಿಕೊಳ್ಳಿ, ಕೋಲು ಹಿಡಿದು ಹತ್ತು ಸಲ ಬಗ್ಗಿ. ಖಾಲಿ ಬಾರನ್ನು ಸರಿಯಾದ ಎತ್ತರಕ್ಕೆ ಇಟ್ಟು ಐದೈದು ಸಲ ಎರಡು ಸೆಟ್ ಎತ್ತಿ. ಆಮೇಲೆ ಸಾಧಾರಣ ಆರೋಗ್ಯದ ಗಂಡಸರು 20ರ ಬಾರ್‌ಗೆ ಎರಡೂ ಕಡೆ 10 ಹಾಕಿ, ಒಟ್ಟು 40. ಹೆಂಗಸರು ಒಟ್ಟು 25 ಅಥವಾ 30. ಐದೈದು ಸಲ ಮೂರು ಸೆಟ್, ನಡುವೆ ಮೂರು ನಿಮಿಷ ವಿಶ್ರಾಂತಿ. ಹಗುರ ಅನಿಸಿದರೂ ಅವತ್ತು ಏರಿಸಬೇಡಿ.

ವಾರಕ್ಕೆ ಎರಡು ದಿನ ಸಾಕು, ನಡುವೆ ಕನಿಷ್ಠ ಎರಡು ದಿನ ಬಿಡುವು. ಪ್ರತಿ ಸಲ ಒಟ್ಟು 5 ಕೆ.ಜಿ. ಏರಿಸುತ್ತಾ ಹೋಗಿ. ಕೊನೆಯ ಸೆಟ್ ಮುಗಿದಾಗ ಇನ್ನೂ ಎರಡು ಎತ್ತಬಹುದಿತ್ತು ಅನಿಸಬೇಕು, ಅಲ್ಲಿಗೆ ನಿಲ್ಲಿಸಿ. ಕೆಲವು ವಾರಗಳಲ್ಲಿ 5 ಜಾಸ್ತಿ ಅನಿಸಲು ಶುರುವಾಗುತ್ತದೆ, ಆಗ 2.5. ಎಷ್ಟೋ ಜಿಮ್‌ನಲ್ಲಿ 1.25ರ ಪ್ಲೇಟ್ ಇರುವುದೇ ಇಲ್ಲ, ಒಂದು ಜೊತೆ ಸ್ವಂತಕ್ಕೆ ಕೊಂಡು ಬ್ಯಾಗ್‌ನಲ್ಲಿ ಇಟ್ಟುಕೊಳ್ಳಿ. ಭಾರ ಏರಿದ ಮೇಲೆ ನೇರ ಅದಕ್ಕೇ ಹೋಗಬೇಡಿ. 90ರಲ್ಲಿ ಐದು ಎತ್ತುವ ದಿನ ಮೊದಲು 40ರಲ್ಲಿ ಐದು, 60ರಲ್ಲಿ ಮೂರು, 80ರಲ್ಲಿ ಒಂದೆರಡು ಎತ್ತಿ, ಆಮೇಲೆ 90. ಈ ಮಟ್ಟಕ್ಕೆ ಬಂದಾಗ ವಾರಕ್ಕೆ ಒಂದೇ ಭಾರದ ದಿನ ಇರಲಿ. ಇನ್ನೊಂದು ದಿನ ಹಗುರ ತೂಕದಲ್ಲಿ, ಬಾರ್ ನೆಲಕ್ಕೆ ಇಡದೆ ಮಂಡಿ ಕೆಳಗಿನವರೆಗೆ ಮಾತ್ರ ಇಳಿಸಿ ಎತ್ತುವ ರೊಮೇನಿಯನ್ ಡೆಡ್‌ಲಿಫ್ಟ್ ಮಾಡಿ.

"ಅಣ್ಣ, ನಿನ್ನ ಮ್ಯಾಕ್ಸ್ ಎಷ್ಟು?" ಅಂತ ಕೇಳುವವರು ಬಂದೇ ಬರುತ್ತಾರೆ. ಮೊದಲ ಆರು ತಿಂಗಳು ಆ ಪ್ರಶ್ನೆಗೆ ಉತ್ತರ ಹುಡುಕಲು ಹೋಗಬೇಡಿ. ಎರಡು ಸಲ ಒಂದೇ ತೂಕದಲ್ಲಿ ಸಿಕ್ಕಿಬಿದ್ದರೆ ಶೇ. 10ರಷ್ಟು ಇಳಿಸಿ, ಮತ್ತೆ ಏರಿಸುತ್ತಾ ಬನ್ನಿ. ನಿದ್ದೆ ಕೆಟ್ಟ ದಿನ, ಜ್ವರ ಬಿಟ್ಟ ವಾರ, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬಂದ ಮಾರನೇ ದಿನ ತೂಕ ಕಡಿಮೆ ಮಾಡಿಕೊಳ್ಳಿ.

ಸಂಜೆ ಆರರಿಂದ ಎಂಟು ಜಿಮ್ ತುಂಬಿರುತ್ತದೆ, ಬಾರ್ ಸಿಗುವುದಿಲ್ಲ, ಸಿಕ್ಕರೂ ಪಕ್ಕದಲ್ಲಿ ಯಾರಾದರೂ ಓಡಾಡುತ್ತಾ ಪ್ಲೇಟ್‌ಗೆ ಎಡವುತ್ತಾರೆ. ಕಲಿಯುವ ದಿನಗಳಲ್ಲಿ ಆದಷ್ಟೂ ಬೆಳಿಗ್ಗೆ ಹೋಗಿ. ಆದರೆ ಎದ್ದ ತಕ್ಷಣ ಬೆನ್ನು ಬಿಗಿ ಇರುತ್ತದೆ, ಅರ್ಧ ಗಂಟೆಯಾದರೂ ಓಡಾಡಿದ ಮೇಲೆ ಭಾರ ಮುಟ್ಟಿ. ಮುಗಿದ ಮೇಲೆ ಪ್ಲೇಟ್‌ಗಳನ್ನು ಅವುಗಳ ಜಾಗಕ್ಕೆ ಇಟ್ಟು, ಬಾರ್ ಮೇಲಿನ ಚಾಕ್ ಒರೆಸಿ, ಆ ದಿನದ ತೂಕ, ಸೆಟ್ ಮತ್ತು ಬಾರ್‌ನ ಎತ್ತರ ಮೂರನ್ನೂ ಮೊಬೈಲ್‌ನಲ್ಲೋ ಪುಸ್ತಕದಲ್ಲೋ ಬರೆದಿಡಿ. ಮುಂದಿನ ಸಲ ಎತ್ತರ ಇಳಿಸಬೇಕಾ, ತೂಕ ಏರಿಸಬೇಕಾ ಅನ್ನುವುದನ್ನು ಅದನ್ನು ನೋಡಿ ತೀರ್ಮಾನ ಮಾಡಿ. ಎರಡನ್ನೂ ಒಂದೇ ದಿನ ಬದಲಾಯಿಸಬೇಡಿ.